ವೈನೋನ ಪಿಕಪ್ಪಿಗೆ ಹೊಸ ಬ್ರೇಕ್ ಪೈಪು

ಅಪ್ಪನ ಪಿಕಪ್ಪು ಪಕ್ಕದ ಮನೆಯವರ ಬೇಲಿ ಮುರಿದದ್ದಕ್ಕೆ ಬ್ರೇಕು ಕಾರಣ, ಅಪ್ಪನಲ್ಲ ಎಂದು ಲಿನೆಟ್ ಊರಿಗೆಲ್ಲ ಸಾರಿಬಿಟ್ಟಿದ್ದಳು. ಸುಳ್ಳೇನಲ್ಲ, ಗಾಡಿಯಡಿ ನುಸುಳಿ ನೋಡಿದವಳೇ ಅವಳು. ಉತ್ತರ ಮಿಷಿಗನ್ನಿನಲ್ಲಿ ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪು ಯಾವ ಗಾಡಿಯನ್ನು ಬಿಟ್ಟೀತು? ಹಿಂಚಕ್ರದ ಬ್ರೇಕ್ ಪೈಪು ತುಕ್ಕು ಹಿಡಿದು, ಉಗುರು ಸೋಕಿದರೆ ಉದುರುತ್ತಿತ್ತು.

ಆದರೆ ಅಣ್ಣ ಡೇಲ್ ಕೇಳಬೇಕಲ್ಲ! "ಅಪ್ಪಂಗೆ ವಯಸ್ಸಾಯ್ತು ಮಾರಾಯ್ತಿ, ಕೀ ಕಿತ್ಕೊಂಡಿಡು" ಅಂದಿದ್ದ ಫೋನಿನಲ್ಲಿ.

"ಪೈಪು ಬದಲಾಯಿಸಿ ತೋರಿಸ್ತೀನಿ. ಆಮೇಲೆ ಅಪ್ಪನ ಪಕ್ಕ ನೀನೇ ಕೂತು ನೋಡು. ಅಲ್ಲೀವರೆಗೂ ಬಾಯ್ಮುಚ್ಕೊಂಡಿರು."

ಗಾಡಿ ಹೋದರೆ ಅಪ್ಪನಿಗೆ ಉಳಿಯುವುದೇನು? ಪೇಟೆಯ ಕಾಫಿ, ಗೆಳೆಯರು, ಏಪ್ರಿಲ್ಲಿನಲ್ಲಿ ಹೊಳೆಗೆ ಬಲೆ ಹಿಡಿದು ಹೋಗುವುದು, ಎಲ್ಲವೂ ಅದರ ಜೊತೆಗೇ ಹೋಗುತ್ತಿತ್ತು.

ಶನಿವಾರ ಬೆಳಿಗ್ಗೆ ಶೆಡ್ಡಿನಲ್ಲಿ ಕೆಲಸ ಶುರುವಾಯಿತು. ಅಪ್ಪ ವೈನೋ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಮಾಂಸ ಆಲೂಗಡ್ಡೆ ತುಂಬಿದ ಪ್ಯಾಸ್ಟಿ ಮೆಲ್ಲುತ್ತಾ ಮಗಳ ಕೈಯನ್ನೇ ನೋಡುತ್ತಿದ್ದ. ಲಿನೆಟ್ ಹೊಸ ಪೈಪು ಬಗ್ಗಿಸಿ, ತುದಿಯನ್ನು ಅಚ್ಚಿಗೆ ಕೊಟ್ಟು ಚೆಂದವಾಗಿ ಅಗಲಿಸಿದಳು.

"ನಟ್ಟು ತೂರಿಸಿದ್ಯೇನೇ?"

ನಟ್ಟು ಮೇಜಿನ ಮೇಲೆ ಆರಾಮವಾಗಿ ಕೂತಿತ್ತು. ತುದಿ ಅಗಲವಾದ ಮೇಲೆ ಅದು ಎಲ್ಲಿ ತೂರೀತು? ಕತ್ತರಿಸಿ ಮತ್ತೆ ಮೊದಲಿಂದ.

"ಅಯ್ಯೋ, ಹಾಳಾಗ್ಲಿ!"

ಅಪ್ಪ ಬಿದ್ದು ಬಿದ್ದು ನಕ್ಕ. "ನಾನೂ ಹಿಂಗೇ ಮಾಡಿದ್ದೆ, ನಮ್ಮಪ್ಪನೂ ಮಾಡಿದ್ದ. ಪಿತ್ರಾರ್ಜಿತ ಕಣೇ ಇದು!"

ಇಷ್ಟು ಚುರುಕಾದ ಮನುಷ್ಯನಿಂದ ಕೀ ಕಿತ್ತುಕೊಳ್ಳಬೇಕಂತೆ! ಡೇಲ್‌ಗೆ ತಲೆ ಕೆಟ್ಟಿದೆ ಅಂದುಕೊಂಡಳು ಲಿನೆಟ್.

ಪೈಪು ಕೂತಿತು. ಇನ್ನು ಅದರೊಳಗಿನ ಗಾಳಿ ತೆಗೆಯಬೇಕು. ಅದಕ್ಕೆ ಇಬ್ಬರು ಬೇಕು. ಒಬ್ಬರು ಮೇಲೆ ಕೂತು ಬ್ರೇಕ್ ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಚಕ್ರದ ಬಳಿ ತಿರುಪು ಸಡಿಲಿಸಿ, ಗಾಳಿ ಹೊರಬಿಟ್ಟು ಬಿಗಿಯಬೇಕು. ಬಿಗಿಯುವ ಮೊದಲೇ ಪೆಡಲ್ ಬಿಟ್ಟರೆ ಗಾಳಿ ಮತ್ತೆ ಒಳಕ್ಕೆ.

"ಒತ್ತಪ್ಪಾ!"

"ಒತ್ತಿದೆ!"

"ಹಿಡ್ಕೋ!"

"ಹಿಡ್ದಿದೀನಿ!"

ತಿರುಪು ಸಡಿಲಿಸಿದರೆ ಒಂದು ಹನಿ ಆಯಿಲ್ ತೊಟ್ಟಿಕ್ಕಿತು, ಅಷ್ಟೇ. ಮತ್ತೆ ಮಾಡಿದರು. ಮತ್ತೆ ಅದೇ. ಲಿನೆಟ್ ಒಂದೊಂದೇ ಜೋಡಣೆಯನ್ನು ಬಟ್ಟೆಯಿಂದ ಒರೆಸಿ ನೋಡಿದಳು. ಎಲ್ಲ ಒಣಗಿದ್ದವು. ಅವಳು ಕೂರಿಸಿದ ಪೈಪು ಸೋರುವುದುಂಟೇ!

"ನಿಜವಾಗ್ಲೂ ಹಿಡ್ದಿದೀಯಾ?"

"ಬಲವಾಗಿ ಹಿಡ್ದಿದೀನಿ. ನಿಂಗೇ ಕೆಲಸ ಬರಲ್ಲ ಅನ್ನು!"

ಮುಂದುಗಡೆ ಬಾನೆಟ್ ತೆಗೆದು ನೋಡೋಣವೆಂದು ಲಿನೆಟ್ ತೆವಳಿ ಹೊರಬಂದಳು. ಡ್ರೈವರ್ ಬದಿಯ ಬಾಗಿಲು ತೆರೆದೇ ಇತ್ತು. ಅಪ್ಪನ ಬಲಗಾಲು ಪೆಡಲಿನ ಮೇಲಿರಲಿಲ್ಲ. ಪಕ್ಕಕ್ಕೆ ಜಾರಿ, ಕೆಳಗಿನ ಮ್ಯಾಟನ್ನು ಒತ್ತಿಕೊಂಡಿತ್ತು. ಎಷ್ಟು ಬಲವಾಗಿ ಒತ್ತಿತ್ತೆಂದರೆ ತೊಡೆ ನಡುಗುತ್ತಿತ್ತು.

"ಹಿಡ್ದಿದೀನಿ!" ಎಂದು ಅಪ್ಪ ಎದುರಿನ ಗಾಜು ನೋಡುತ್ತಲೇ ಮತ್ತೊಮ್ಮೆ ಕೂಗಿದ.

ಲಿನೆಟ್ ಬಾಗಿಲಿನ ಹತ್ತಿರ ಬಂದಳು. "ಅಪ್ಪಾ, ಕೆಳಗೆ ನೋಡು."

ವೈನೋ ಬಗ್ಗಿ ನೋಡಿದ.

"ಸಕ್ಕರೆ ಕಾಯಿಲೆಗೆ ಪಾದ ಜೋಮು ಹಿಡಿಯುತ್ತೆ ಅಂತ ಡಾಕ್ಟ್ರು ಹೇಳಿದ್ರು. ಇಷ್ಟು ಅಂತ ಗೊತ್ತಿರ್ಲಿಲ್ಲ ಕಣೇ. ಅವತ್ತು ಬೇಲಿ ಹತ್ರಾನೂ ಬ್ರೇಕ್ ಒತ್ತಿದೆ ಅಂತಲೇ ಅಂದ್ಕೊಂಡಿದ್ದೆ."

"ಬ್ರೇಕೂ ಕೆಟ್ಟಿತ್ತಲ್ಲಪ್ಪಾ! ಈ ಬೂಟು ದಪ್ಪ, ಅದಕ್ಕೇ ತಿಳೀತಿಲ್ಲ. ತೆಳ್ಳಗಿಂದು ಹಾಕ್ಕೊಂಡ್ರೆ..." ಲಿನೆಟ್‌ಗೆ ಅಳು ಬಂತು. ಈಗ ಅಪ್ಪನ ಕೈಯಿಂದ ಕೀ ಬಿಡಿಸಲು ಮನಸ್ಸಿಲ್ಲದವಳು ಅವಳೇ.

"ಸುಮ್ನಿರೇ. ಸ್ಪ್ಯಾನರ್ ಇಲ್ಲಿ ಕೊಡು. ಕೈಗೇನಾಗಿಲ್ಲ ನಂಗೆ."

ಅಪ್ಪ ಇಳಿದು, ರಟ್ಟಿನ ಮೇಲೆ ಮಲಗಿ ಗಾಡಿಯಡಿ ಸರಿದ. ಲಿನೆಟ್ ಕಣ್ಣೊರೆಸಿಕೊಂಡು ಮೇಲೆ ಕೂತಳು.

"ಒತ್ತೇ! ಹಿಡ್ಕೋ! ಬಿಡ್ಬೇಡ... ಹಾಂ, ಈಗ ಬಿಡು!"

ಆಯಿಲ್ ಮೊದಲು ಗುಳ್ಳೆಗುಳ್ಳೆಯಾಗಿ ಬಂತು, ಆಮೇಲೆ ಒಂದೇ ಧಾರೆಯಾಗಿ. ಒಂದೊಂದೇ ಚಕ್ರ ಮುಗಿಸಿದರು. ಪೆಡಲ್ ಕಲ್ಲಿನಂತೆ ಗಟ್ಟಿಯಾಯಿತು.

"ಹೆಂಗೆ?" ಕೆಳಗಿನಿಂದ ದನಿ.

"ಸಖತ್ತಾಗಿದೆ ಅಪ್ಪಾ."

"ಮತ್ತಿನ್ನೇನು! ಯಾರ ಮಗಳು?"

ಚಕ್ರ ಹಾಕಿ ಜಾಕಿ ಇಳಿಸಿದರು. ಲಿನೆಟ್ ಅಭ್ಯಾಸಬಲದಿಂದ ಡ್ರೈವರ್ ಬಾಗಿಲು ತೆರೆದು ಅಪ್ಪನಿಗೆಂದು ಸರಿದು ನಿಂತಳು. ಅಪ್ಪ ಗಾಡಿಯ ಮುಂದಿನಿಂದ ಸುತ್ತಿ ಆಚೆ ಬದಿಗೆ ಹೋದ. ಬಾಗಿಲು ತೆಗೆದು, ಹತ್ತಿ ಕೂತು, ಹೆಗಲ ಹಿಂದೆ ತಡಕಾಡಿದ.

"ಲಿನೆಟ್, ಈ ಕಡೆ ಬೆಲ್ಟು ಎಲ್ಲಿರುತ್ತೇ?"