ಎಡಕ್ಕೆ ವಿಮಾನ, ಬಲಕ್ಕೆ ಪ್ರದರ್ಶನ

"ಸಾರ್, ನಿಮ್ಮ ಕಣ್ಣೆದುರಿಗೇ ಬರೆದಿದೆ ನೋಡಿ," ಎಂದು ಅವಳು ಸ್ಟೇಷನ್ನಿನ ಮಾಹಿತಿ ಕೌಂಟರಿನ ಗಾಜಿನ ಹಿಂದಿನಿಂದ ಹೇಳಿದಳು.

ಕೋಟು ತೊಟ್ಟ ಗಂಡಸು ಕತ್ತೆತ್ತಿ ನೋಡಿದ. ಅವನ ತಲೆಯ ಮೇಲೆ ಬಾಗಿಲಿನಷ್ಟು ಅಗಲದ ಫಲಕವಿತ್ತು. ಎಡಕ್ಕೆ ಬಾಣದ ಗುರುತು, ಪಕ್ಕದಲ್ಲಿ ವಿಮಾನದ ಚಿತ್ರ. ಬಲಕ್ಕೆ ಬಾಣದ ಗುರುತು, ಪಕ್ಕದಲ್ಲಿ ವಸ್ತುಪ್ರದರ್ಶನ ಕೇಂದ್ರದ ಗುಮ್ಮಟ. ಎಲ್ಲವನ್ನೂ ನಿಧಾನವಾಗಿ ನೋಡಿ ಮುಗಿಸಿ ಅವನು ಮತ್ತೆ ಗಾಜಿನ ತೂತಿಗೆ ಬಾಯಿಟ್ಟ.

"ಹಾಗಾದ್ರೆ ಏರ್‌ಪೋರ್ಟು ಎಡಕ್ಕೇನಾ?"

"ಎಡಕ್ಕೇ."

"ಗ್ಯಾರಂಟಿನಾ?"

ರಾತ್ರೋರಾತ್ರಿ ಯಾರಾದರೂ ವಿಮಾನ ನಿಲ್ದಾಣವನ್ನು ಹೊತ್ತುಕೊಂಡು ಹೋಗಿ ಬಲಕ್ಕೆ ಇಟ್ಟಿರಬಹುದೇನೋ ಎನ್ನುವ ಹಾಗಿತ್ತು ಅವನ ಅನುಮಾನ. ಅವಳು ಎಡಗೈ ಎತ್ತಿ ತೋರಿಸಿದಳು, ಅವನು ಹೋದ. ಅವನ ಹಿಂದಿದ್ದವನು ಇಷ್ಟೂ ಮಾತನ್ನು ಕಿವಿಯಾರೆ ಕೇಳಿದ್ದವನೇ, ಮುಂದೆ ಬಂದು, "ಮೇಡಂ, ಏರ್‌ಪೋರ್ಟು ಯಾವ ಕಡೆ?" ಎಂದ.

ಈ ಸ್ಟೇಷನ್ನಿನಲ್ಲಿ ರೈಲು ಇಳಿದವರು ಹೋಗುವುದು ಎರಡೇ ಕಡೆ. ಆದರೂ ಮಾಹಿತಿ ಕೌಂಟರಿನ ಮುಂದೆ ಬೆಳಗಿನಿಂದ ಸಂಜೆಯವರೆಗೆ ಸಾಲು ಕರಗುವುದಿಲ್ಲ. ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಲ್ಲರಿಗೂ ನಗುನಗುತ್ತಾ ಉತ್ತರ ಹೇಳುತ್ತಿದ್ದಳು. ಪಕ್ಕದ ಕುರ್ಚಿಯ ಹಿರಿಯ ಗುಮಾಸ್ತ, ಎಲ್ಲರಿಗೂ ಪಾಠ ಹೇಳುವ ಚಟಕ್ಕೆ 'ಮೇಷ್ಟ್ರು' ಎಂದೇ ಹೆಸರಾದವನು, ಆಗಲೇ ಅವಳಿಗೆ ಬುದ್ಧಿ ಹೇಳಿದ್ದ. "ಮುಖ ನೋಡ್ಬೇಡಮ್ಮಾ. ಮುಖ ನೋಡಿದ್ರೆ ಮಾತು ಬೆಳೆಯುತ್ತೆ. ಸಾಮಾನು ನೋಡು. ಚಕ್ರದ ಸೂಟ್‌ಕೇಸು ಅಂದ್ರೆ ಎಡಕ್ಕೆ, ಬರಿಗೈ ಅಂದ್ರೆ ಬಲಕ್ಕೆ. ಅವರು ಬಾಯಿ ತೆರೆಯೋಕೆ ಮುಂಚೆ ಕೈ ತೋರಿಸ್ಬಿಡು." ಕಲಿತ ಮೇಲೆ ಅವಳಿಗೂ ಅದು ಹಾಯೆನಿಸಿತ್ತು. ಅವಳ ಕಣ್ಣು ಗಾಜಿನ ಕೆಳಗಿನ ಅಂಚಿನಿಂದ ಮೇಲೆ ಏರುತ್ತಲೇ ಇರಲಿಲ್ಲ.

ಆದರೆ ಈವತ್ತು ಎಲ್ಲ ತಲೆಕೆಳಗಾಗಿತ್ತು. ಪ್ರದರ್ಶನ ಕೇಂದ್ರದಲ್ಲಿ ಪ್ರಯಾಣದ ಸಾಮಾನುಗಳ ಮಾರಾಟಮೇಳ. ಹಳೆಯ ಸೂಟ್‌ಕೇಸು ಕೊಟ್ಟರೆ ಹೊಸದಕ್ಕೆ ರಿಯಾಯಿತಿ ಎಂದು ಯಾವ ಪುಣ್ಯಾತ್ಮನಿಗೆ ಹೊಳೆಯಿತೋ, ಊರಿಗೆ ಊರೇ ಅಟ್ಟದ ಮೇಲಿನ ಸೂಟ್‌ಕೇಸು ಇಳಿಸಿ ಧೂಳು ಕೊಡವಿ ಎಳೆದುಕೊಂಡು ಬಂದಿತ್ತು. ಬೆಳಿಗ್ಗೆ ಅಭ್ಯಾಸಬಲದಿಂದ ಒಂದಷ್ಟು ಜನರನ್ನು ಎಡಕ್ಕೆ ಅಟ್ಟಿ, ಅವರು ವಿಮಾನ ನಿಲ್ದಾಣದ ಕಾವಲಿನವರ ಕೈಲಿ ಬೈಸಿಕೊಂಡು ವಾಪಸು ಬಂದು ಇವಳಿಗೆ ಬೈದಾದ ಮೇಲೆ ಮೇಷ್ಟ್ರು ಹೊಸ ಪಾಠ ಹೊರಡಿಸಿದ್ದ. "ಈವತ್ತು ಸೂಟ್‌ಕೇಸು ಅಂದ್ರೆ ಬಲಕ್ಕೆ. ವಿಮಾನದವರು ಬೆಂಕಿ ಬಿದ್ದ ಹಾಗೆ ಓಡ್ತಾರೆ, ಅವರು ಮಾತ್ರ ಎಡಕ್ಕೆ." ಅವಳ ಬಲಗೈ ಎತ್ತಿ ಎತ್ತಿ ಸೋತುಹೋಗಿತ್ತು.

ಕೈ ಬಲಕ್ಕೆ ಹೋಗುತ್ತಿದ್ದರೂ ಮನಸ್ಸೆಲ್ಲ ಮಧ್ಯಾಹ್ನದ ರೈಲಿನ ಮೇಲಿತ್ತು. ಆ ರೈಲಿಗೆ ಅತ್ತೆ ಬರುವವರಿದ್ದರು. ಗಂಡ ಮನೆಯ ಹತ್ತಿರದ ಸ್ಟೇಷನ್ನಿನಲ್ಲಿ ಅವರನ್ನು ಹತ್ತಿಸಿ ತನ್ನ ಕೆಲಸಕ್ಕೆ ಹೋಗುವುದು, ಇವಳು ಇಲ್ಲಿ ಇಳಿಸಿಕೊಂಡು ವಿಮಾನ ನಿಲ್ದಾಣದ ಬಾಗಿಲಿನವರೆಗೆ ಬಿಟ್ಟುಬರುವುದು ಎಂದು ಏರ್ಪಾಡಾಗಿತ್ತು. ಮೇಲಿನವರ ಕೈಕಾಲು ಹಿಡಿದು ಅರ್ಧ ಗಂಟೆ ಬಿಡುವನ್ನೂ ಕೇಳಿ ಇಟ್ಟುಕೊಂಡಿದ್ದಳು.

ಅತ್ತೆ ಹೋಗುತ್ತಿದ್ದದ್ದು ಮೈದುನನ ಮನೆಗೆ, ಇನ್ನು ಅಲ್ಲೇ ಇರುವುದಕ್ಕೆ. ಮದುವೆಯಾದಾಗಿನಿಂದ ಈ ದಿನಕ್ಕಾಗಿ ಅವಳು ಕಾದಿದ್ದಳು, ಸುಳ್ಳೇಕೆ ಹೇಳಬೇಕು. ಅವಳು ಒಲೆ ದೊಡ್ಡದು ಮಾಡಿದರೆ ಅತ್ತೆ ಬಂದು ಸಣ್ಣದು ಮಾಡುತ್ತಿದ್ದರು. ಒಗೆದು ಹರವಿದ ಬಟ್ಟೆಯನ್ನು ತೆಗೆದು ಮತ್ತೆ ಹರವುತ್ತಿದ್ದರು. ಡ್ಯೂಟಿ ಮುಗಿಸಿ ಹೆಣವಾಗಿ ಮನೆಗೆ ಬಂದರೆ, "ಕೂತ್ಕೊಂಡೇ ಮಾಡೋ ಕೆಲಸಕ್ಕೆ ಇಷ್ಟೊಂದು ಸುಸ್ತಾ?" ಎನ್ನುತ್ತಿದ್ದರು. ಹತ್ತನೇ ತರಗತಿಯ ಮಗಳು ಟೀವಿಯ ಮುಂದೆ ಚಾಪೆ ಹಾಕಿಕೊಂಡು ಓದಿ ಸಾಕಾಗಿ, ಈವತ್ತು ಬೆಳಿಗ್ಗೆ ಅಜ್ಜಿ ತಲೆ ಬಾಚಿಕೊಳ್ಳುತ್ತಿದ್ದಾಗಲೇ ತನ್ನ ಮೇಜನ್ನು ಅವರ ಕೋಣೆಗೆ ಎಳೆಯತೊಡಗಿದ್ದಳು. ಅತ್ತೆ ಮೂಲೆಗೆ ಸರಿದು ಜಾಗ ಬಿಟ್ಟರು. ಯಾರ ಮೇಲೂ ರೇಗಲಿಲ್ಲ. ಅದನ್ನು ನೋಡಿಯೂ ನೋಡದವಳಂತೆ ಅವಳು ಡ್ಯೂಟಿಗೆ ಹೊರಟು ಬಂದಿದ್ದಳು.

ಮಧ್ಯಾಹ್ನದ ರೈಲು ಬಂತು. ಜನ ಇಳಿದರು, ಸೂಟ್‌ಕೇಸುಗಳು ಇಳಿದವು, ಅತ್ತೆ ಇಳಿಯಲಿಲ್ಲ. ಅವಳು ಕೌಂಟರಿನಿಂದ ಎದ್ದು ಬಂದು ಪ್ಲಾಟ್‌ಫಾರಮ್ಮಿನ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಅತ್ತೆಯ ಕಂದು ಬಣ್ಣದ ಸೂಟ್‌ಕೇಸು ಎಲ್ಲೂ ಕಾಣಲಿಲ್ಲ. ಅತ್ತೆಗೆ ಫೋನು ಮಾಡಿದರೆ ಎತ್ತಲಿಲ್ಲ. ಗಂಡನಿಗೆ ಮಾಡಿದಳು.

"ರೀ, ಅತ್ತೆ ಬಂದಿಲ್ಲ."

"ಬಂದಿಲ್ವಾ? ಒಂದು ರೈಲು ಮುಂಚೆನೇ ಹತ್ತಿಸಿದ್ನಲ್ಲ! ಅಮ್ಮ ಬೆಳಿಗ್ಗೆಯಿಂದ ಹೊತ್ತಾಯ್ತು ಹೊತ್ತಾಯ್ತು ಅಂತ ತಲೆ ತಿಂದ್ಬಿಟ್ರು."

"ಹತ್ತಿಸಿ ನಂಗೊಂದು ಮಾತು ಹೇಳೋಕೆ ಏನಾಗಿತ್ತು?"

"ನಿನ್ನ ಕೌಂಟರಿಗೇ ಬರ್ತಾರಲ್ಲ ಅಂತ."

"ಅವರು ಫೋನು ಯಾಕೆ ಎತ್ತುತ್ತಿಲ್ಲ?"

"ಕಳೆದುಹೋಗುತ್ತೆ ಅಂತ ಸೂಟ್‌ಕೇಸಿನ ಒಳಗಿಟ್ಟು ಬೀಗ ಹಾಕಿದಾರೆ."

ಅವಳು ಹಣೆ ಚಚ್ಚಿಕೊಂಡಳು. ಈ ಮನೆಯಲ್ಲಿ ತಾಯಿಗೆ ಬುದ್ಧಿಯಿದೆಯೋ ಮಗನಿಗೋ ಎಂದು ಕೇಳುವಂತಿರಲಿಲ್ಲ, ಇಬ್ಬರದೂ ಒಂದೇ ಅಚ್ಚು. "ಆ ಕಂದು ಸೂಟ್‌ಕೇಸು ತಾನೇ?" ಎಂದಳು.

"ಅಲ್ಲ ಕಣೇ. ನೀನು ಹೋದ್ಮೇಲೆ ಅದರ ಚಕ್ರ ಮುರೀತು. ಪಕ್ಕದ ಮನೆಯವರದು ತಂದೆ. ಕಪ್ಪು. ಹಿಡಿಗೆ ಕೆಂಪು ರಿಬ್ಬನ್ನು ಕಟ್ಟಿದೆ, ಗುರುತಿಗೆ."

ಕೆಂಪು ರಿಬ್ಬನ್ನು ಅವಳಿಗೆ ನೆನಪಿತ್ತು. ಗಾಜಿನ ಅಂಚಿನ ಕೆಳಗೆ ಬಂದು ನಿಂತಿತ್ತು, ಯಾವ ಅವಸರವೂ ಇಲ್ಲದೆ. ಇದೊಂದು ಪ್ರದರ್ಶನದ ಗಿರಾಕಿ ಎಂದುಕೊಂಡು ಅವಳು ಬಲಗೈ ಎತ್ತಿದ್ದಳು. ಚಕ್ರದ ಸೂಟ್‌ಕೇಸು ಒಂದು ಗಳಿಗೆ ಅಲ್ಲೇ ನಿಂತಿದ್ದು ಆಮೇಲೆ ಬಲಕ್ಕೆ ತಿರುಗಿಕೊಂಡಿತ್ತು. ಅದನ್ನು ಹಿಡಿದ ಕೈ ಯಾರದೆಂದು ಅವಳು ನೋಡಿರಲಿಲ್ಲ.

"ಮೇಷ್ಟ್ರೇ, ಕೌಂಟರು ನೋಡ್ಕೊಳ್ಳಿ," ಎಂದವಳೇ ಓಡಿದಳು. "ಅರ್ಧ ಗಂಟೆ ಅಂದ್ರೆ ಅರ್ಧ ಗಂಟೆ!" ಎಂದು ಮೇಷ್ಟ್ರು ಹಿಂದಿನಿಂದ ಕೂಗುತ್ತಿದ್ದ.

ಪ್ರದರ್ಶನ ಕೇಂದ್ರದ ಓಣಿ ಮುಗಿಯುವಂಥದ್ದಲ್ಲ. ಎದುರಿಗೆ ಹೊಸ ಸೂಟ್‌ಕೇಸಿನವರು, ಜೊತೆಗೆ ಹಳೇ ಸೂಟ್‌ಕೇಸಿನವರು, ಯಾರೂ ದಾರಿ ಬಿಡುವವರಲ್ಲ. ಓಡುತ್ತಲೇ ಅವಳು ಎಲ್ಲರನ್ನೂ ಬೈದುಕೊಂಡಳು. ಫೋನಿಗೆ ಬೀಗ ಹಾಕುವ ಅತ್ತೆಯನ್ನು, ಹೇಳಬೇಕಾದ್ದನ್ನು ಹೇಳದ ಗಂಡನನ್ನು, ಇಷ್ಟು ವರ್ಷ ತಾಯಿಯ ನೆನಪಾಗದೆ ಈಗ ಟಿಕೆಟು ಕಳಿಸಿದ ಮೈದುನನನ್ನು. ಬೈಯುವುದಕ್ಕೆ ಇನ್ನೊಬ್ಬಳು ಉಳಿದಿದ್ದಳು, ಮುಖ ನೋಡದೆ ಕೈ ತೋರಿಸಿದವಳು. ಅವಳ ಸರದಿ ಬರುವ ಮುಂಚೆ ಬಾಗಿಲು ಬಂತು.

ದೊಡ್ಡ ಹಜಾರದಲ್ಲಿ ಎಲ್ಲಿ ನೋಡಿದರೂ ಸೂಟ್‌ಕೇಸುಗಳೇ. ಕಪ್ಪು ಬಣ್ಣದವನ್ನೇ ಹುಡುಕುತ್ತಾ ಹೋದರೆ ಲೋಕದಲ್ಲಿ ಬೇರೆ ಬಣ್ಣವೇ ಇಲ್ಲವೇನೋ ಎನಿಸಿತು. ಅವಳು ಸಾಮಾನು ಬಿಟ್ಟು ಮುಖಗಳನ್ನು ನೋಡತೊಡಗಿದಳು. ಹಾಗೆ ನೋಡುತ್ತಾ ನೋಡುತ್ತಾ ಒಂದು ಮಳಿಗೆಯ ಮುಂದೆ ನಿಂತುಬಿಟ್ಟಳು.

ಕೈಚೀಲ ಮಾರುವವರು ಅಲ್ಲಿ ವಿಮಾನದ ಒಂದು ತುಂಡನ್ನೇ ಮಾಡಿ ನಿಲ್ಲಿಸಿದ್ದರು. ಮೂರು ಸೀಟು, ಮೇಲೆ ಚೀಲ ಇಡುವ ಗೂಡು, ಪಕ್ಕದಲ್ಲಿ ಕಿಟಕಿ, ಕಿಟಕಿಯ ಆಚೆ ಬಣ್ಣದಲ್ಲಿ ಬರೆದ ಮೋಡ. ಕಿಟಕಿಯ ಪಕ್ಕದ ಸೀಟಿನಲ್ಲಿ ಅತ್ತೆ ಕೂತಿದ್ದರು. ಶಾಲು ಹೊದ್ದು, ಸೊಂಟಕ್ಕೆ ಸೀಟಿನ ಪಟ್ಟಿ ಬಿಗಿದುಕೊಂಡಿದ್ದರು. ಕೆಂಪು ರಿಬ್ಬನ್ನಿನ ಸೂಟ್‌ಕೇಸು ಮೊಣಕಾಲಿಗೆ ಒರಗಿತ್ತು.

ಮಳಿಗೆಯವನು ಅವಳ ಸಮವಸ್ತ್ರ ನೋಡಿ ಕೈಮುಗಿಯುವುದೊಂದು ಬಾಕಿ. "ಮೇಡಂ, ಇವರು ನಿಮ್ಮವರಾ? ಆಗಿನಿಂದ ಏಳ್ತಾನೇ ಇಲ್ಲ. ಗಿರಾಕಿಗಳು ಕೂತು ನೋಡ್ಬೇಕು ತಾಯಿ, ಅಂದ್ರೆ, ನಮ್ಮ ಸೊಸೆ ಬರ್ತಾಳೆ ಇರಪ್ಪಾ, ಅಂತಾರೆ."

"ಬಂದ್ಯಾ?" ಎಂದರು ಅತ್ತೆ. "ಎಷ್ಟು ಹೊತ್ತೇ ನಿಂದು!"

ಜೀವ ಬಾಯಿಗೆ ಬಂದಿದ್ದವಳಿಗೆ ಈಗ ಸಿಟ್ಟು ನೆತ್ತಿಗೇರಿತು. "ಅತ್ತೆ, ಇಲ್ಲೇನು ಮಾಡ್ತಿದೀರಾ? ಅಲ್ಲಿ ಹುಡುಕಿ ಹುಡುಕಿ ಸತ್ತೆ ನಾನು!"

"ನೀನೇ ತಾನೇ ಕಳಿಸಿದ್ದು."

"ನಾನು ಕಳಿಸಿದ್ರೆ? ಅಷ್ಟು ದೊಡ್ಡದಾಗಿ ವಿಮಾನದ ಚಿತ್ರ ಹಾಕಿದಾರಲ್ಲ, ಕಾಣಿಸ್ಲಿಲ್ವಾ?"

"ಕಾಣಿಸ್ದೆ ಏನು? ಓದೋಕೂ ಬರುತ್ತೆ ನಂಗೆ. ವಿಮಾನ ಎಡಗಡೆಗೆ ಅಂತ ಗೊತ್ತಾಯ್ತು."

"ಗೊತ್ತಾಗಿ ಈ ಕಡೆ ಬಂದ್ರಾ?"

ಅತ್ತೆ ಸೊಂಟದ ಪಟ್ಟಿಯ ಕೊಂಡಿಯನ್ನು ಹೆಬ್ಬೆರಳಿನಿಂದ ಉಜ್ಜಿದರು. "ನಿಂಗೊಂದು ಮಾತು ಹೇಳಿ ಹೋಗೋಣ ಅಂತ ಸಾಲಲ್ಲಿ ನಿಂತೆ. ನಾನು ಬಾಯಿ ಬಿಡೋಕೆ ಮುಂಚೆನೇ ನೀನು ಬಲಕ್ಕೆ ಕೈ ತೋರಿಸ್ದೆ. ಇದೇನಪ್ಪಾ, ಅಂದ್ಕೊಂಡೆ. ಆಮೇಲೆ ಅರ್ಥ ಆಯ್ತು. ಬಾಯಲ್ಲಿ ಹೇಳೋಕೆ ನಿಂಗೆ ಬಿಗುಮಾನ. ಹೋಗ್ಬೇಡಿ, ಡ್ಯೂಟಿ ಮುಗಿಯೋವರೆಗೂ ಆ ಕಡೆ ಕೂತಿರಿ, ಅಂತ ಕೈಯಲ್ಲೇ ಹೇಳಿದೀಯ, ಅಂತ." ಸೂಟ್‌ಕೇಸನ್ನು ಹತ್ತಿರಕ್ಕೆ ಎಳೆದುಕೊಂಡು, "ನಾನು ತಪ್ಪು ತಿಳ್ಕೊಂಡಿದ್ರೆ ಹೇಳ್ಬಿಡು. ನಂಗೇನೂ ಬೇಜಾರಿಲ್ಲ," ಎಂದರು.

ಬೇಜಾರಿಲ್ಲ ಎಂದವರ ಕಣ್ಣು ಅವಳ ಮುಖವನ್ನು ಬಿಟ್ಟು ಅಲುಗಲಿಲ್ಲ.

ನಿಮ್ಮನ್ನು ನಾನು ನೋಡಲೇ ಇಲ್ಲ ಅತ್ತೆ, ಎನ್ನಬೇಕಾಗಿತ್ತು. ಸೂಟ್‌ಕೇಸಿಗೆ ಕೈ ತೋರಿಸಿದೆ, ನಿಮಗಲ್ಲ. ಅಷ್ಟು ಹೇಳಿದರೆ ಸಾಕು, ಅತ್ತೆ ಒಂದೂ ಮಾತಾಡದೆ ಎದ್ದು ಬರುತ್ತಾರೆ, ಬೆಳಿಗ್ಗೆ ಮೊಮ್ಮಗಳ ಮೇಜಿಗೆ ಜಾಗ ಬಿಟ್ಟ ಹಾಗೆಯೇ. ಹಜಾರದ ಗೋಡೆಯ ಗಡಿಯಾರ ನೋಡಿದಳು. ಈಗ ಹೊರಟು ಓಡಿದರೆ ವಿಮಾನ ಸಿಗುತ್ತಿತ್ತು. ಕೋಣೆ ಸಿಗುತ್ತಿತ್ತು, ಒಲೆ ತನ್ನದಾಗುತ್ತಿತ್ತು. ಇಷ್ಟು ವರ್ಷದಲ್ಲಿ ತನ್ನ ಬಾಯಿಂದ ಬಾರದ ಒಂದು ಒಳ್ಳೆಯ ಮಾತನ್ನು ಈ ಮುದುಕಿ ತನ್ನ ಸೋತ ಕೈಯಿಂದ ಕಿತ್ತುಕೊಂಡು ಕೂತಿದ್ದಾರಲ್ಲ ಎಂದು ಅವಳಿಗೆ ತಡೆಯಲಾರದ ಕೋಪ ಬಂತು. ಕೋಪದ ಜೊತೆಗೆ ಅಳುವೂ ಬಂತು, ಅದಕ್ಕೆ ಇನ್ನಷ್ಟು ಕೋಪ ಬಂತು.

ಫೋನು ಬಡಿದುಕೊಂಡಿತು. "ಸಿಕ್ಕಿದ್ರಾ?" ಗಂಡ ಕಿರುಚುತ್ತಿದ್ದ. "ಅಮ್ಮ ಸಿಕ್ಕಿದ್ರಾ? ಟೈಮಿದೆಯಾ ಇನ್ನೂ?"

"ಸಿಕ್ಕಿದಾರೆ," ಎಂದಳು. "ವಿಮಾನ ತಪ್ಪಿಹೋಯ್ತು."

"ತಪ್ಪಿಹೋಯ್ತಾ? ಅಯ್ಯೋ! ಈಗ ತಮ್ಮನಿಗೆ ಏನು ಹೇಳೋದು?"

"ತಪ್ಪಿಹೋಯ್ತು ಅಂತ ಹೇಳಿ. ಆಮೇಲೆ ಮಾತಾಡ್ತೀನಿ." ಫೋನು ಇಟ್ಟಳು.

ಅತ್ತೆ ಕತ್ತು ಚಾಚಿ ಗೋಡೆಯ ಗಡಿಯಾರ ನೋಡಿದರು. ಆಮೇಲೆ ಸೊಸೆಯನ್ನು ನೋಡಿದರು. "ಇನ್ನೂ ಟೈಮಿದೆಯಲ್ಲೇ? ಗಡಿಯಾರ ನೋಡೋಕೂ ಬರಲ್ವಾ ನಿಂಗೆ?"

"ಅತ್ತೆ, ಒಂದು ಸಲ, ಒಂದೇ ಒಂದು ಸಲ ಬಾಯಿ ಮುಚ್ಕೊಂಡು ಕೂತ್ಕೊಳ್ಳಿ."

ಅವಳು ನಡುವಿನ ಸೀಟಿನಲ್ಲಿ ಧೊಪ್ಪನೆ ಕುಸಿದಳು. ಬೆಳಗಿನಿಂದ ಎತ್ತಿದ ಬಲಗೈ ಭುಜದವರೆಗೂ ಸಿಡಿಯುತ್ತಿತ್ತು. ಮಳಿಗೆಯವನು ಮುಂದೆ ಬಂದು ನಿಂತ.

"ಮೇಡಂ, ನೀವೂ ಕೂತ್ಬಿಟ್ರಾ?"

"ಏಳ್ತೀವಿ," ಎಂದಳು. "ಒಂದು ವಿಮಾನ ಹೋಗೋದಿದೆ. ಅದು ಹೋದ ತಕ್ಷಣ ಏಳ್ತೀವಿ."

ಅವನಿಗೆ ಏನೂ ಅರ್ಥವಾಗಲಿಲ್ಲ. ಗೊಣಗುತ್ತಾ ಬೇರೆ ಗಿರಾಕಿಗಳ ಕಡೆ ಹೋದ. ಅವಳು ಗಡಿಯಾರವನ್ನೇ ನೋಡುತ್ತಾ ಕೂತಳು. ಮುಳ್ಳು ಬೇಕೆಂತಲೇ ನಿಧಾನ ಮಾಡುತ್ತಿರುವ ಹಾಗಿತ್ತು. ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಅವಳ ಕಡೆಗೆ ಬಾಗಿದರು. ಅವಳ ಸೀಟಿನ ಎರಡೂ ಕಡೆ ತಡಕಿ ಪಟ್ಟಿಯನ್ನು ಎಳೆದು ಅವಳ ಮಡಿಲ ಮೇಲೆ ತಂದು ಕೊಂಡಿ ಹಾಕಿದರು. ಸಡಿಲವಾಯಿತೆನಿಸಿತೋ ಏನೋ, ಬಿಚ್ಚಿ, ಇನ್ನೊಂದಿಷ್ಟು ಬಿಗಿ ಮಾಡಿ, ಮತ್ತೆ ಹಾಕಿದರು.