ಸದ್ಗುಣ ಫಲಕ

ಐದನೆಯ ತರಗತಿಯ ಗೋಡೆಗೆ 'ಸದ್ಗುಣ ಫಲಕ' ಬಂದಂದಿನಿಂದ ಮಕ್ಕಳೆಲ್ಲರೂ ಸಜ್ಜನರಾಗಿಬಿಟ್ಟಿದ್ದರು. ಕಳೆದುಹೋದ ವಸ್ತುವನ್ನು ಹುಡುಕಿ ಒಪ್ಪಿಸಿದವರ ಹೆಸರಿನ ಮುಂದೆ ಶಿಕ್ಷಕಿ ಬಂಗಾರ ಬಣ್ಣದ ನಕ್ಷತ್ರವೊಂದನ್ನು ಅಂಟಿಸುತ್ತಿದ್ದರು. ದಿನವೂ ರಬ್ಬರುಗಳು ಕಳೆಯುತ್ತಿದ್ದವು, ದಿನವೂ ಸಿಗುತ್ತಿದ್ದವು. ಮುಖ್ಯೋಪಾಧ್ಯಾಯಿನಿಗಂತೂ ಹಿಗ್ಗೋ ಹಿಗ್ಗು. ನಾಳಿನ ಪೋಷಕರ ಸಭೆಯಲ್ಲಿ ಮೊದಲು ತೋರಿಸಬೇಕಾದದ್ದು ಆ ಫಲಕವನ್ನೇ ಎಂದು ಅವರು ಸಾರಿದ್ದರು.

ಅಂದು ಆಟ ಮುಗಿಸಿ ಬಂದಾಗ, ಎಲ್ಲರೂ 'ಸೋಡಾಬುಡ್ಡಿ' ಎಂದು ಕರೆಯುತ್ತಿದ್ದ ಹುಡುಗಿ ಬೆಂಚಿನ ಮೇಲೆ ಕಳಚಿಟ್ಟು ಹೋಗಿದ್ದ ಕನ್ನಡಕ ಕಾಣೆಯಾಗಿತ್ತು. ಹುಡುಕಿದಾಗ ಕೈತೊಳೆಯುವ ತೊಟ್ಟಿಯ ಹಿಂದೆ ಸಿಕ್ಕಿತು. ಗಾಜುಗಳೆರಡೂ ಒಡೆದಿದ್ದವು.

"ಯಾರು ತೆಗೆದದ್ದು?" ಎಂದರು ಶಿಕ್ಷಕಿ.

ಸದ್ಗುಣಿಗಳ ತರಗತಿ ಒಟ್ಟಾಗಿ ಪುಸ್ತಕಗಳಲ್ಲಿ ತಲೆ ಹುದುಗಿಸಿತು.

"ಅಮ್ಮ ನಾನೇ ಬೀಳಿಸ್ದೆ ಅಂತಾರೆ ಮಿಸ್. ಇನ್ಮೇಲೆ ಆಟಕ್ಕೆ ಬಿಡೋದೇ ಇಲ್ಲ," ಎಂದು ಸೋಡಾಬುಡ್ಡಿ ಬಿಕ್ಕಿದಳು.

ಪಕ್ಕದಲ್ಲಿದ್ದ ಗೆಳತಿ ಮೆಲ್ಲನೆ ಎದ್ದು ನಿಂತಳು. ಫಲಕದಲ್ಲಿ ಅತಿ ಹೆಚ್ಚು ನಕ್ಷತ್ರಗಳಿದ್ದುದು ಅವಳಿಗೇ.

"ನಾನೇ ಮಿಸ್. ಬಚ್ಚಿಟ್ಟು, ಆಮೇಲೆ ನಾನೇ ಹುಡುಕಿ ಕೊಡೋಣ ಅಂತಿದ್ದೆ. ಕೈಜಾರಿತು."

"ಇದನ್ನ ಎಲ್ಲಿ ಕಲಿತೆ?"

"ಎಲ್ಲಾರೂ ಹಾಗೇ ಮಾಡೋದು ಮಿಸ್. ಇಲ್ಲಾಂದ್ರೆ ದಿನಾ ಯಾರ ರಬ್ಬರ್ ಕಳೆಯುತ್ತೆ? ಕಳ್ಕೊಳ್ಳೋಕೆ ಸರದಿ ಮಾಡ್ಕೊಂಡಿದೀವಿ."

"ನಾಳೆ ನಂದಿತ್ತು," ಎಂದು ಹಿಂದಿನ ಬೆಂಚೊಂದು ಗೊಣಗಿತು.

ಶಿಕ್ಷಕಿಯ ಮುಖ ಕೆಂಪೇರಿತು. ಅವರು ಕುರ್ಚಿ ಎಳೆದು, ಮೇಲೆ ಹತ್ತಿ, ಫಲಕದ ಮೊಳೆಗೆ ಕೈಹಾಕಿದರು. ಅದೇ ಹೊತ್ತಿಗೆ ಮುಖ್ಯೋಪಾಧ್ಯಾಯಿನಿ ಬಾಗಿಲಲ್ಲಿ ಕಾಣಿಸಿಕೊಂಡರು.

"ಇದೇನ್ರೀ ಇದು? ನಾಳೆ ಪೋಷಕರಿಗೆ ಏನು ತೋರಿಸೋದು?"

"ಒಳ್ಳೇತನಕ್ಕೆ ನಾನು ಕೂಲಿ ಕೊಟ್ಟೆ ಮೇಡಂ. ಪಾಪ, ಅವರು ಕೂಲಿಗೆ ತಕ್ಕ ಕೆಲಸ ಹುಟ್ಟಿಸ್ಕೊಂಡ್ರು. ನಾಳೆ ಅದನ್ನೇ ಹೇಳ್ತೀನಿ."

"ಏನೂ ಸಿಗಲ್ಲ ಅಂದ್ರೆ ಈ ಮಕ್ಕಳು ಒಳ್ಳೇದು ಮಾಡ್ತಾರೆ ಅಂತೀರಾ?"

ಶಿಕ್ಷಕಿ ಫಲಕದ ಒಂದು ತುದಿಯನ್ನು ಮೊಳೆಯಿಂದ ಬಿಡಿಸಿದರು. ಆಗ ಮುಂದಿನ ಬೆಂಚಿನ ಗೆಳತಿಯರಿಬ್ಬರ ಪಿಸುಮಾತು ಇಬ್ಬರಿಗೂ ಕೇಳಿಸಿತು.

"ಬೋರ್ಡ್ ಮೇಲೆ ಮಿಸ್ ಬರೆಯೋದನ್ನ ನಾನು ಓದಿ ಹೇಳ್ತೀನಿ, ನೀನು ಬರ್ಕೋ. ಸಂಜೆ ನಿಮ್ಮನೆಗೂ ಬಂದು, ಒಡೆದಿದ್ದು ನಾನೇ ಅಂತ ಅಮ್ಮನಿಗೆ ಹೇಳ್ತೀನಿ."

"ಬೈತಾರೆ ಕಣೇ."

"ಬೈಸ್ಕೋತೀನಿ ಬಿಡು."

ಶಿಕ್ಷಕಿಯ ಇನ್ನೊಂದು ಕೈ ಅಭ್ಯಾಸಬಲದಿಂದ ಪಕ್ಕದ ಮೇಜಿನ ಮೇಲಿದ್ದ ನಕ್ಷತ್ರದ ಡಬ್ಬಿಯತ್ತ ಚಾಚಿತು, ಅರ್ಧದಲ್ಲೇ ನಿಂತಿತು. ಮುಖ್ಯೋಪಾಧ್ಯಾಯಿನಿ ಅದನ್ನು ನೋಡಿದರು. ಒಳಗೆ ಬಂದು, ಫಲಕ ಕೆಳಗಿಳಿಸಲು ಅದರ ಇನ್ನೊಂದು ತುದಿಯನ್ನು ತಾವೇ ಹಿಡಿದುಕೊಂಡರು.