ಟೀಪಾಯಿಗೆ ಹಿಡಿದ ಅಳತೆ

ಅನಗೋಳದ ಭರಮಪ್ಪ ಇಪ್ಪತ್ತೊಂಬತ್ತು ವರ್ಷ ಬಸ್ಸಿನ ಸೀಟು ಹೊಲಿದ ಮನುಷ್ಯ. ಬೆಳಗಾವಿಯ ಡಿಪೋದಿಂದ ಹೊರಟ ಕೆಂಪು ಬಸ್ಸಿನಲ್ಲಿ ಖಾನಾಪುರಕ್ಕೋ ಜಾಂಬೋಟಿಗೋ ಹೋದವರೆಲ್ಲ ಒಂದಲ್ಲ ಒಂದು ಸಲ ಅವನ ಕೈಕೆಲಸದ ಮೇಲೆ ಕೂತವರೇ. ಸೀಟು ಕುಸಿದ ರೀತಿ ನೋಡಿಯೇ ಅದರ ಮೇಲೆ ಎಂಥ ಮೈಕಟ್ಟಿನವರು ಹೆಚ್ಚು ಕೂತಿದ್ದಾರೆ ಎಂದು ಹೇಳಿಬಿಡುತ್ತಿದ್ದ. ಇಷ್ಟೆಲ್ಲ ಬಲ್ಲವನು ತನ್ನ ಮನೆಯ ಹೆಂಗಸರು ಎಲ್ಲಿ ಕೂರುತ್ತಾರೆ ಎಂದು ಮಾತ್ರ ಯಾವತ್ತೂ ಯೋಚಿಸಿರಲಿಲ್ಲ. ಯೋಚಿಸುವುದೇನಿದೆ, ಅವರು ನೆಲದ ಮೇಲೆ ಕೂರುತ್ತಿದ್ದರು. ನೆಲಕ್ಕೆ ಯಾರೂ ರೆಕ್ಸಿನ್ ಹೊಲಿಯುವುದಿಲ್ಲ.

ಆ ಮನೆಯ ನಿಯಮ ಭರಮಪ್ಪನ ತಾಯಿ ಕಾಶವ್ವನದು. ಹಿರಿಯರ ಮುಂದೆ ಸೊಸೆಯಾದವಳು ಕುರ್ಚಿ ಏರಬಾರದು. ಕಾಶವ್ವ ತೀರಿಕೊಂಡು ಎಂಟು ವರ್ಷವಾಗಿತ್ತು, ನಿಯಮ ಮಾತ್ರ ಗಟ್ಟಿಮುಟ್ಟಾಗಿತ್ತು. ಅದನ್ನು ಈಗ ಕಾಯುತ್ತಿದ್ದವಳು ಅವಳ ಸೊಸೆ, ಭರಮಪ್ಪನ ಹೆಂಡತಿ ಸಾವಂತ್ರವ್ವ; ಅತ್ತೆ ಹೋದ ಮೇಲೂ ಅವಳು ಕುರ್ಚಿ ಏರಿರಲಿಲ್ಲ. ಕಾಶವ್ವ ಇನ್ನೊಂದು ಮಾತನ್ನೂ ಬಿಟ್ಟುಹೋಗಿದ್ದಳು: "ನೆಲದ ಮ್ಯಾಲಿಂದ ತಾನ ಏಳಾಕ ಆಗವಲ್ದು ಅಂದ ದಿವಸ ಹೆಂಗಸು ಮನಿ ಕೀಲಿ ಸೊಸಿ ಕೈಯಾಗ ಇಡಬೇಕು." ಹೇಳಿದಂತೆ ನಡೆದುಕೊಂಡಳು ಕೂಡ. ಒಂದು ಮುಂಜಾನೆ ಗೋಡೆ ಹಿಡಿದರೂ ಏಳಲಾಗದೆ, ಟೊಂಕದ ಕೀಲಿಗೊಂಚಲು ಬಿಚ್ಚಿ ಸಾವಂತ್ರವ್ವನ ಕಡೆ ನೂಕಿ, ಮುಖವನ್ನು ಗೋಡೆಗೆ ತಿರುಗಿಸಿಕೊಂಡಳು. ಆ ಮುಖವನ್ನು ಸಾವಂತ್ರವ್ವ ಮರೆತಿರಲಿಲ್ಲ.

ಈಗ ಅವಳಿಗೇ ಐವತ್ಮೂರು. ಎರಡು ವರ್ಷದಿಂದ ಬಲ ಮೊಣಕಾಲು ಮಾತು ಕೇಳುತ್ತಿರಲಿಲ್ಲ. ಕೂತರೆ ಏಳಲು ಬಿಡದು, ಎದ್ದರೆ ಕೂರಲು ಬಿಡದು. ಇದನ್ನು ಅವಳು ಗಂಡನಿಗೆ ಹೇಳಿರಲಿಲ್ಲ, ಮಗನಿಗೆ ಹೇಳಿರಲಿಲ್ಲ, ಸೊಸೆಗಂತೂ ಸುಳಿವೇ ಕೊಟ್ಟಿರಲಿಲ್ಲ. ಏಳಬೇಕಾದಾಗಲೆಲ್ಲ ಸೊಸೆಯನ್ನು ಕರೆದು, "ಒಂದ್ ಲೋಟ ನೀರ ತಗೊಂಡ ಬಾ" ಎನ್ನುತ್ತಿದ್ದಳು. ಅವಳು ಒಳಗೆ ಹೋಗಿ ಬರುವಷ್ಟರಲ್ಲಿ ಬಾಗಿಲ ಚೌಕಟ್ಟು ಹಿಡಿದು, ಹಲ್ಲು ಕಚ್ಚಿ ಎದ್ದು ನಿಂತು, ಏನೂ ಆಗದವರ ಹಾಗೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ತಂದ ನೀರು ಅಂಗಳದ ದಾಸವಾಳಕ್ಕೆ ಹೋಗುತ್ತಿತ್ತು. ಆ ಎರಡು ವರ್ಷ ದಾಸವಾಳ ಹೂ ಬಿಟ್ಟದ್ದೇ ಬಿಟ್ಟದ್ದು.

ಹೀಗಿರುವಾಗ ಎಂಬತ್ಮೂರನೆಯ ಇಸವಿಯ ನಾಗರಪಂಚಮಿಗೆ ಸೊಸೆ ರೇಣವ್ವ ಖಾನಾಪುರದ ತವರಿಗೆ ಹೋದಳು. ಮದುವೆಯಾಗಿ ಎರಡು ವರ್ಷದ ಹುಡುಗಿ, ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದಷ್ಟು ಎತ್ತರ. ಪಂಚಮಿ ಎಂದ ಮೇಲೆ ಜೋಕಾಲಿ ಬೇಕು, ಜೋಕಾಲಿ ಎಂದ ಮೇಲೆ ಜೀಕದೆ ಇರುವುದು ಹೇಗೆ? ಹುಣಸೆಮರಕ್ಕೆ ಕಟ್ಟಿದ ಹಗ್ಗ ನಡುವೆಯೇ ಹರಿಯಿತು. ರೇಣವ್ವನ ಮೊಣಕಾಲಿನ ಚಿಪ್ಪು ಸೀಳಿತು. ದಸರೆ ಕಳೆದು ಪ್ಲಾಸ್ಟರು ಬಿಚ್ಚಿಸಿಕೊಂಡು ಅನಗೋಳಕ್ಕೆ ಬಂದಾಗ ಡಾಕ್ಟರರ ಕಟ್ಟಪ್ಪಣೆಯೂ ಜೊತೆಗೆ ಬಂತು. ಆರು ತಿಂಗಳು ನೆಲದ ಮೇಲೆ ಕೂರುವಂತಿಲ್ಲ, ಕಾಲು ಪೂರ್ತಿ ಮಡಚುವಂತಿಲ್ಲ, ಕೂತರೆ ಕುರ್ಚಿಯ ಮೇಲೇ ಕೂರಬೇಕು.

ಮಗ ಬೀರಣ್ಣ ಖಾನಾಪುರದ ಒಂದು ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಮುಂಜಾನೆ ರೈಲಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಮನೆ. ಹೊರಡುವ ಗಡಿಬಿಡಿಯಲ್ಲೇ ತಾಯಿಗೆ ಡಾಕ್ಟರರ ಮಾತು ಮುಟ್ಟಿಸಿದ.

"ಯಾರ ಬ್ಯಾಡಂದಾರಪಾ? ಕುಂದರ್ಲಿ," ಎಂದಳು ಸಾವಂತ್ರವ್ವ. "ಎರಡು ಕುರ್ಚಿ ಅದಾವು. ಮಹಾರಾಣಿ ಹಂಗ ಕುಂದರ್ಲಿ."

ಮಾತಿನಲ್ಲಿ ಬೇಡ ಎಂಬುದು ಎಲ್ಲೂ ಇರಲಿಲ್ಲ. ಆದರೆ ಅದನ್ನು ಕೇಳಿದ ಮೇಲೆ ಯಾವ ಸೊಸೆಯೂ ಆ ಕುರ್ಚಿಯ ಹತ್ತಿರ ಸುಳಿಯುತ್ತಿರಲಿಲ್ಲ. ರೇಣವ್ವ ಅಡುಗೆಮನೆಯ ಬಾಗಿಲಿಗೆ ಒರಗಿ, ಮೊರ ಹಿಡಿದು ನಿಂತೇ ಅಕ್ಕಿ ಆರಿಸಿದಳು. ನಿಂತೇ ಸೊಪ್ಪು ಸೋಸಿದಳು. ಕೊಕ್ಕರೆಯ ಹಾಗೆ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಿರುತ್ತಿದ್ದಳು.

ಭರಮಪ್ಪ ನಿವೃತ್ತನಾಗಿ ಐದು ತಿಂಗಳಾಗಿತ್ತು. ಹಗಲು ಹೊತ್ತಿನಲ್ಲಿ ಮನೆ ಹೇಗಿರುತ್ತದೆ ಎಂದು ಅವನು ನೋಡುತ್ತಿದ್ದದ್ದು ಈಗಲೇ. ಪಡಸಾಲೆಯ ಕುರ್ಚಿಯಲ್ಲಿ ಕೂತು ಮೂರು ದಿನ ಸೊಸೆಯ ಕಾಲು ನೋಡಿದ. "ಕುಂದರವಾ ತಂಗಿ" ಎಂದು ಹೇಳಿಯೂ ನೋಡಿದ. "ಇರ್ಲಿ ಬಿಡ್ರಿ ಮಾವಾರ" ಎಂದಳು ಅವಳು. ನಾಲ್ಕನೆಯ ದಿನ ಎದ್ದು ಹೋಗಿ ಮೂಲೆಯ ಟೀಪಾಯಿಯನ್ನು ಅಂಗಳಕ್ಕೆ ಎಳೆದ.

ಆ ಟೀಪಾಯಿ ಮದುವೆಯಲ್ಲಿ ರೇಣವ್ವನ ತಂದೆ ಕೊಟ್ಟದ್ದು, ಖಾನಾಪುರದ ಸಾಗವಾನಿ. ನೆಂಟರು ಬಂದಾಗ ಅದರ ಮೇಲೆ ಚಹಾದ ತಾಟು ಇಡುತ್ತಿದ್ದರು. ಉಳಿದ ದಿನಗಳಲ್ಲಿ ಸಾವಂತ್ರವ್ವ ಅದರ ಮೇಲೆ ಸಂಡಿಗೆ ಒಣಗಿಸುತ್ತಿದ್ದಳು. ಮೇಲ್ಹಲಗೆಯಲ್ಲಿ ಬಿರುಕು, ಬಿಸಿ ಪಾತ್ರೆಯ ಬಿಳಿ ಉಂಗುರಗಳು. ಕಾಲು ಮಾತ್ರ ಕಬ್ಬಿಣದಂತಿದ್ದವು.

"ಏನ ಮಾಡಾಕತ್ತೀರಿ ಅದನ್ನ?" ಸಾವಂತ್ರವ್ವ ಹೊರಗೆ ಬಂದಳು.

"ಮೆತ್ತನ್ನ ಸೀಟ ಮಾಡ್ತೇನಿ. ಬೆನ್ನಿಲ್ಲ, ಕೈಯಿಲ್ಲ. ಕುರ್ಚೀನೂ ಅಲ್ಲ, ನೆಲಾನೂ ಅಲ್ಲ. ನಮ್ಮವ್ವ ಕುರ್ಚಿ ಬ್ಯಾಡ ಅಂದಿದ್ಲು, ಟೀಪಾಯಿ ಬ್ಯಾಡ ಅಂದಿದ್ದಿಲ್ಲ."

"ಬಂದವರಿಗೆ ಚಹಾದ ತಾಟ ಎಲ್ಲಿ ಇಡೂದು?"

"ಕೈಯಾಗ ಹಿಡಕೊಳ್ಳೂದು."

ಸಾವಂತ್ರವ್ವ ತುಟಿ ಬಿಗಿದು ಒಳಗೆ ಬಂದಳು. ಮೂವತ್ತೈದು ವರ್ಷ ಸಂಸಾರ ಮಾಡಿದ್ದಳು. ಊರ ಮಂದಿಗೆಲ್ಲ ಸೀಟು ಹೊಲಿದ ಗಂಡ ತನಗಾಗಿ ಒಂದು ದಿನ ಒಂದು ಮಣೆಯನ್ನೂ ಸರಿಸಿ ಕೊಟ್ಟವನಲ್ಲ. ಎರಡು ವರ್ಷದ ಹಿಂದೆ ಬಂದ ಹುಡುಗಿ ಜೋಕಾಲಿಯಿಂದ ಬಿದ್ದರೆ ಅವಳಿಗೆ ಸಾಗವಾನಿಯ ಸಿಂಹಾಸನ! ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಅತ್ತೆಯ ಕಾಲ ಯಾವಾಗ ಬಂತು, ಯಾವಾಗ ಹೋಯಿತು ಎಂಬುದೇ ಅವಳಿಗೆ ತಿಳಿದಿರಲಿಲ್ಲ.

ಭರಮಪ್ಪನದು ಡಿಪೋದ ಪದ್ಧತಿ. ಅಳತೆ ಇಲ್ಲದೆ ಕತ್ತರಿ ಮುಟ್ಟುವವನಲ್ಲ. ಹಿಮ್ಮಡಿಯಿಂದ ಮೊಣಕಾಲಿನ ಹಿಂದಿನ ಮಡಿಕೆಯ ತನಕ ಎಷ್ಟು ಉದ್ದವೋ ಸೀಟು ಅಷ್ಟೇ ಎತ್ತರವಿರಬೇಕು. ಆದರೆ ಮಾವನಾದವನು ಸೊಸೆಯ ಕಾಲು ಮುಟ್ಟಿ ಅಳೆಯುವುದುಂಟೇ? ಹುರಿಯ ತುಂಡೊಂದನ್ನು ಹೆಂಡತಿಯ ಕೈಗೆ ಕೊಟ್ಟ. "ಬೀರಣ್ಣನ ಅವ್ವಾ, ಆಕಿ ಕಾಲಿಗೆ ಇದನ್ನ ಹಿಡದ ಗಂಟ ಹಾಕ್ಕೊಂಡ ಬಾ."

ಅಡುಗೆಮನೆಯಲ್ಲಿ ರೇಣವ್ವ ಸೀರೆಯ ನೆರಿಗೆ ತುಸು ಎತ್ತಿ ಕಾಲು ಮುಂದೆ ಮಾಡಿ ನಿಂತಳು. ಸಾವಂತ್ರವ್ವ ಹುರಿ ಹಿಡಿದು ನಿಂತೇ ಇದ್ದಳು. ಅಳೆಯಬೇಕಾದರೆ ಸೊಸೆಯ ಕಾಲ ಬುಡದಲ್ಲಿ ಕುಕ್ಕರಗಾಲಲ್ಲಿ ಕೂರಬೇಕು. ಅದೇ ಒಂದು ಅವಮಾನ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಆದರೆ ಖರೆ ಹೆದರಿಕೆ ಬೇರೆಯೇ ಇತ್ತು. ಕೂತರೆ ಏಳಬೇಕು. ಸೊಸೆಯ ಕಣ್ಣೆದುರು ಏಳಲಾಗದಿದ್ದರೆ ಟೊಂಕದ ಕೀಲಿ ಬಿಚ್ಚಬೇಕು. ನೀರು ತಾ ಎನ್ನೋಣವೆಂದರೆ ಕೊಡ ಅಲ್ಲೇ ಪಕ್ಕದಲ್ಲಿತ್ತು.

"ಹಿತ್ತಲದಾಗ ಅರಿವಿ ಒಣಗ್ಯಾವ ಏನ ನೋಡಿ ಬಾ," ಎಂದಳು.

"ಅಳತಿ ಅತ್ತ್ಯಾರ?"

"ಆತು. ಕಣ್ಣಳತಿ ಹಿಡದೇನಿ, ಹೋಗ."

ರೇಣವ್ವ ಕುಂಟುತ್ತ ಹೋದ ಮೇಲೆ ಸಾವಂತ್ರವ್ವ ಜೋಳದ ಡಬ್ಬಿಯ ಮೇಲೆ ಕೂತು, ತನ್ನದೇ ಹಿಮ್ಮಡಿಯಿಂದ ಮೊಣಕಾಲಿನ ತನಕ ಹುರಿ ಹಿಡಿದು ಗಂಟು ಹಾಕಿದಳು. ಹೆಣ್ಣುಮಕ್ಕಳ ಕಾಲು ಎಂದರೆ ಕಾಲು, ಎಲ್ಲರದೂ ಒಂದೇ ಎಂದು ಸಮಾಧಾನ ಮಾಡಿಕೊಂಡಳು. ತಾನು ಸೊಸೆಯ ಭುಜಕ್ಕೆ ಬರುತ್ತೇನೆ ಎಂಬುದನ್ನು ಆ ಹೊತ್ತಿಗೆ ಮರೆತುಬಿಡುವುದು ಅವಳಿಗೆ ಅನುಕೂಲವಾಗಿತ್ತು.

ಭರಮಪ್ಪ ಹುರಿಯನ್ನು ಟೀಪಾಯಿಯ ಕಾಲಿಗೆ ಹಿಡಿದು ಹುಬ್ಬು ಗಂಟಿಕ್ಕಿದ. "ಇಷ್ಟ ಗಿಡ್ಡ ಬಂತಲ್ಲ?"

"ನಂಬಿಕಿ ಇಲ್ಲಂದ್ರ ನೀವ ಹೋಗಿ ಹಿಡೀರಿ."

ಭರಮಪ್ಪ ಪೆನ್ಸಿಲು ಕೈಗೆತ್ತಿಕೊಂಡ. ಮೇಲೆ ಬರುವ ಮೆತ್ತೆಗೆ ನಾಲ್ಕು ಬೆರಳು ಬಿಟ್ಟು, ಗುರುತು ಹಾಕಿ, ಕಾಲುಗಳಿಗೆ ಗರಗಸ ಹಚ್ಚಿದ. ಒಳಗೆ ರೊಟ್ಟಿ ತಟ್ಟುತ್ತಿದ್ದ ಸಾವಂತ್ರವ್ವನಿಗೆ ಆ ಗರಗಸದ ಸದ್ದು ಸಹಿಸಲಾಗಲಿಲ್ಲ. ಎದ್ದು ಹೋಗಿ ನಿಲ್ಲಿಸಿರಿ ಎನ್ನಬೇಕೆನ್ನಿಸಿತು. ಆದರೆ ಕೈಯಲ್ಲಿದ್ದ ರೊಟ್ಟಿಯನ್ನೇ ಇನ್ನಷ್ಟು ಜೋರಾಗಿ ತಟ್ಟಿದಳು. ನಾಲ್ಕು ಸಾಗವಾನಿಯ ತುಂಡು ಒಂದೊಂದಾಗಿ ಅಂಗಳದಲ್ಲಿ ಬಿದ್ದವು.

ಆಮೇಲೆ ನಾಲ್ಕು ದಿನ ಭರಮಪ್ಪ ಹಳೆಯ ಭರಮಪ್ಪನಾದ. ಹಲಗೆಯ ಮೇಲೆ ಗೋಣಿತಟ್ಟು ಬಿಗಿದ. ತೆಂಗಿನ ನಾರನ್ನು ಎಳೆ ಎಳೆಯಾಗಿ ಬಿಡಿಸಿ ಹರವಿದ. ಅದರ ಮೇಲೆ ಹಳೆಯ ಗಾದಿಯ ಅರಳೆ, ಅದರ ಮೇಲೆ ಬಿಳಿ ಬಟ್ಟೆ, ಕೊನೆಗೆ ಪೇಟೆಯಿಂದ ತಂದ ಹಸಿರು ರೆಕ್ಸಿನ್. ಸಣ್ಣ ಮೊಳೆಗಳನ್ನು ಬಾಯಲ್ಲಿ ಹಿಡಿದು, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು, ಟಕ್ ಟಕ್ ಎಂದು ಹೊಡೆಯುತ್ತಿದ್ದ. ಮೂಲೆಯ ಮಡಿಕೆಗಳನ್ನು ಅವನು ಕೂರಿಸಿದ ಪರಿ ನೋಡಿ ಹಾದಿಯಲ್ಲಿ ಹೋಗುವವರು ನಿಂತು ಹೋಗುತ್ತಿದ್ದರು. ಐದು ತಿಂಗಳಿಂದ ಕುರ್ಚಿಯಲ್ಲಿ ಮಂಕಾಗಿ ಕೂತಿದ್ದ ಗಂಡನ ಮುಖದಲ್ಲಿ ಕಳೆ ಬಂದಿತ್ತು. ಅದನ್ನು ಕಂಡಷ್ಟೂ ಸಾವಂತ್ರವ್ವನ ಎದೆಯಲ್ಲಿ ಅಳುಕು ಹೆಚ್ಚಾಯಿತು.

ಐದನೆಯ ದಿನ ಮಧ್ಯಾಹ್ನ ಸೀಟು ಪಡಸಾಲೆಗೆ ಬಂತು. "ಬಾರವಾ ತಂಗಿ, ಕುಂದರ," ಎಂದ ಭರಮಪ್ಪ. ಅಂಗಿಯ ತೋಳಿನಿಂದ ರೆಕ್ಸಿನ್ ಇನ್ನೊಮ್ಮೆ ಒರೆಸಿದ.

ರೇಣವ್ವ ಅತ್ತೆಯ ಮುಖ ನೋಡಿ, ಮಾವನ ಮುಖ ನೋಡಿ, ಮೆಲ್ಲಗೆ ಕೂತಳು. ಕೂತಳು ಎನ್ನುವುದಕ್ಕಿಂತ ಇಳಿದಳು ಎನ್ನಬೇಕು. ಇಳಿದಷ್ಟೂ ಮೊಣಕಾಲು ಮಡಚುತ್ತ ಹೋಯಿತು. ಹಣೆಯ ಮೇಲೆ ಬೆವರು ಒಡೆಯಿತು. "ಚಲೋ ಐತ್ರಿ ಮಾವಾರ. ಭಾಳ ಮೆತ್ತಗೈತಿ," ಎಂದಳು. ಕಣ್ಣಲ್ಲಿ ನೀರು ತುಂಬಿತ್ತು. ಏಳಲು ಹೋಗಿ ಆಗದೆ ಗೋಡೆಗೆ ಕೈ ಚಾಚಿದಳು.

ಸೀಟು ಕುಸಿದದ್ದು ನೋಡಿ ಕೂತವರ ಮೈ ಹೇಳುವವನಿಗೆ ಇದು ತಿಳಿಯದೇ? ಸೊಸೆಯನ್ನು ಎಬ್ಬಿಸಿ ನಿಲ್ಲಿಸಿ, ಭರಮಪ್ಪ ಆ ಸೀಟಿನ ಮುಂದೆ ನಿಂತುಬಿಟ್ಟ. ಆಮೇಲೆ ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡ.

"ನನ್ನ ಕೈ ಹೋತು," ಎಂದ. "ಐದು ತಿಂಗಳ ಸುಮ್ನ ಕುಂತಿದ್ದಕ್ಕ ಕೈ ಹೋತು. ಅಳತಿ ತಪ್ಪಿದ್ದು ನನ್ನ ಜಲ್ಮದಾಗ ಇದ ಮೊದಲ."

ಗಂಡನ ಸಿಟ್ಟನ್ನು ಸಾವಂತ್ರವ್ವ ಎಷ್ಟೋ ಸಲ ನೋಡಿದ್ದಳು. ಅವನು ಹೀಗೆ ಸಣ್ಣವನಾದದ್ದನ್ನು ನೋಡಿರಲಿಲ್ಲ. ಅವಳಿಗೆ ತಡೆಯಲಾಗಲಿಲ್ಲ.

"ನಿಮ್ಮ ಕೈ ಹೋಗಿಲ್ರಿ," ಎಂದಳು. "ಅದು ಆಕಿ ಕಾಲಿನ ಅಳತಿ ಅಲ್ಲ. ನಂದು."

"ಏನಂದಿ?"

"ನನ್ನ ಕಾಲಿಗೆ ಹಿಡದ ಗಂಟ ಹಾಕೇನಿ. ಆಕಿ ಮುಂದ ಬಗ್ಗಾಕ ಆಗ್ಲಿಲ್ಲ ನನಗ. ಬಗ್ಗಿದ್ರ ಏಳಾಕ ಆಗಂಗಿಲ್ಲ. ಎರಡ ವರ್ಷ ಆತು."

ಹೇಳಿ ಮುಗಿಸಿ, ಟೊಂಕದ ಕೀಲಿಗೊಂಚಲು ಬಿಚ್ಚಿ ಸೊಸೆಯ ಕಡೆ ಚಾಚಿದಳು. ಮುಖ ತಾನಾಗಿಯೇ ಗೋಡೆಯ ಕಡೆ ತಿರುಗಿತು.

ರೇಣವ್ವ ಕೀಲಿ ಮುಟ್ಟಲಿಲ್ಲ. "ನನಗ ಗೊತ್ತಿತ್ರಿ ಅತ್ತ್ಯಾರ," ಎಂದಳು. "ದಿನಾ ನೀರ ತಾ ಅಂತಿದ್ರಿ, ಒಂದ ದಿನಾನೂ ಕುಡೀಲಿಲ್ಲ. ಅದಕ್ಕ ನಾನೂ ಕೊಡದ ಬಲ್ಲಿ ನಿಂತು, ನೀವು ಎದ್ದ ಸಪ್ಪಳ ಕೇಳಿದ ಮ್ಯಾಲ ಬರತಿದ್ದೆ. ಕೀಲಿ ಸಿಗಸ್ಕೋರಿ."

ಸಾವಂತ್ರವ್ವ ನಿಂತಲ್ಲೇ ಅತ್ತಳು. ಎರಡು ವರ್ಷ ತಾನು ಯಾರ ಕಣ್ಣಿಗೆ ಮಣ್ಣೆರಚಿದೆ ಎಂದುಕೊಂಡಿದ್ದಳೋ ಆ ಹುಡುಗಿಯೇ ತನ್ನ ಮಾನ ಕಾಯುತ್ತ ಒಳಗೆ ಕಾದು ನಿಂತಿದ್ದಳು. ಅದೇ ಹುಡುಗಿಯನ್ನು ತಾನು ಮುರಿದ ಕಾಲಿನ ಮೇಲೆ ನಿಲ್ಲಿಸಿದ್ದಳು.

ಭರಮಪ್ಪ ಹೆಂಡತಿಯನ್ನು ಹೊಸಬಳನ್ನು ನೋಡುವಂತೆ ನೋಡಿದ. ಮದುವೆಯ ಹೊಸದರಲ್ಲಿ ಕರೆದಿದ್ದರೆ ಕರೆದಿರಬೇಕು, ಆಮೇಲೆ ಅವಳ ಹೆಸರು ಅವನ ಬಾಯಲ್ಲಿ ಬಂದಿರಲಿಲ್ಲ. "ಸಾವಂತ್ರಿ," ಎಂದ. "ಕುಂದರ."

ಅವಳು ಕೂತಳು. ಎರಡೂ ಪಾದ ನೆಲಕ್ಕೆ ಸಮನಾಗಿ ಮುಟ್ಟಿದವು. ಮೊಣಕಾಲು ಹಗುರಾಗಿ ಮಡಚಿ ಸುಮ್ಮನಾಯಿತು. ನೋವು ಬರಬೇಕಾದ ಜಾಗದಲ್ಲಿ ಬರಲಿಲ್ಲ. ಭರಮಪ್ಪ ಕೆಳಗೆ ಕೂತು, ಡಿಪೋದಲ್ಲಿ ಮಾಡುತ್ತಿದ್ದಂತೆ, ಸೀಟಿನ ಅಂಚಿಗೂ ಅವಳ ಕಾಲಿಗೂ ನಡುವೆ ಎರಡು ಬೆರಳು ತೂರಿಸಿ ನೋಡಿದ.

"ಬರೋಬ್ಬರಿ ಐತಿ," ಎಂದ. "ನನಗ್ಯಾಕ ಹೇಳಲಿಲ್ಲ?"

"ನೀವು ಕೇಳಿದ್ದ ಯಾವಾಗ?"

ಭರಮಪ್ಪ ಎದ್ದು ಅಡುಗೆಮನೆಗೆ ನಡೆದ. ಸಾವಂತ್ರವ್ವ ಮೂಗು ಒರೆಸಿಕೊಂಡು, ಇನ್ನೂ ಬಾಗಿಲಿಗೆ ಒರಗಿ ನಿಂತಿದ್ದ ಸೊಸೆಯ ಕಡೆ ತಿರುಗಿದಳು. "ಆ ಕುರ್ಚಿ ಎಳಕೊಂಡ ಕುಂದರವಾ," ಎಂದಳು.

"ಬ್ಯಾಡ್ರಿ ಅತ್ತ್ಯಾರ. ನಿಮಗಿಂತ ಎತ್ತರ ಕುಂತಂಗ ಆಗ್ತೈತಿ."

"ಆಗ್ಲಿ. ನೀ ಇರೂದ ಎತ್ತರ, ಅದಕ್ಕ ನಾ ಏನ ಮಾಡ್ಲಿ? ಕುಂದರ."

ಈ ಸಲ ಮಾತಿನೊಳಗೆ ಬೇರೆ ಮಾತಿರಲಿಲ್ಲ. ರೇಣವ್ವ ಭರಮಪ್ಪನ ಕುರ್ಚಿಯಲ್ಲೇ ಕೂತು, ಕಾಲು ತುಸು ಮುಂದೆ ಚಾಚಿ, ಖಾನಾಪುರದಿಂದ ಬಂದ ಮೇಲೆ ಮೊದಲ ಸಲ ನೆಮ್ಮದಿಯ ಉಸಿರುಬಿಟ್ಟಳು. ಅತ್ತೆ ಸೊಸೆ ಇಬ್ಬರೂ ಎದುರುಬದುರಾಗಿ ಕೂತು, ಈಗ ಏನು ಮಾಡಬೇಕೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಒಳಗೆ ಡಬ್ಬಿಗಳು ಉರುಳಿದ ಸದ್ದಾಯಿತು. "ಸಕ್ಕರಿ ಎಲ್ಲೈತಿ?" ಎಂಬ ಧ್ವನಿ ಕೇಳಿತು. ಸಾವಂತ್ರವ್ವ ಏಳಲು ಹೋಗಿ, ಮತ್ತೆ ಮನಸ್ಸು ಬದಲಿಸಿ, ಕೂತಲ್ಲಿಂದಲೇ ಕೂಗಿ ಹೇಳಿದಳು. ಸ್ವಲ್ಪ ಹೊತ್ತಿಗೆ ಭರಮಪ್ಪ ಎರಡು ಕಪ್ ಚಹಾ ತಾಟಿನಲ್ಲಿಟ್ಟು ಹೊರಗೆ ತಂದ. ಪಡಸಾಲೆಯ ನಡುವೆ ನಿಂತು ಆಚೆ ಈಚೆ ನೋಡಿದ. ತಾಟು ಇಡಲು ಟೀಪಾಯಿ ಇರಲಿಲ್ಲ. ಅವರಿಬ್ಬರೂ ಕುಡಿದು ಮುಗಿಸುವ ತನಕ ತಾಟು ಹಿಡಿದುಕೊಂಡು ನಿಂತೇ ಇದ್ದ.